ಬಾಯೊಳಗಿನ ಲೋಹಕ್ಕೂ ಒಂದು ಚೀಟಿ ಬೇಕು

ಓದುಗರ ಪತ್ರ:

ಮಾನ್ಯ ಸಂಪಾದಕರೇ,
ನಾನು ನಿವೃತ್ತ ವಿಜ್ಞಾನ ಮೇಷ್ಟ್ರು. ನನ್ನ ಬಾಯಲ್ಲಿ ನಾಲ್ಕು ಹಳೆಯ ಸಿಲ್ವರ್ ಫಿಲ್ಲಿಂಗ್‌ಗಳಿವೆ. ಎರಡು ವರ್ಷದ ಹಿಂದೆ ಕೆಳದವಡೆಯ ಎಡಕ್ಕೆ ಮೂರು ಹಲ್ಲಿನ ಮೆಟಲ್ ಬ್ರಿಜ್ (ಬಿದ್ದ ಹಲ್ಲಿನ ಜಾಗಕ್ಕೆ ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಕೃತಕ ಹಲ್ಲು) ಹಾಕಿಸಿಕೊಂಡೆ. ಅದರ ಅಂಚಿನಲ್ಲಿ ವಸಡು ಆಗಾಗ ಕೆಂಪಾಗುತ್ತದೆ. ಹಲ್ಲಿನ ಲೋಹಗಳಿಂದ ಹೊರಬರುವ ಅಯಾನುಗಳು ವಸಡಿನ ಜೀವಕೋಶಗಳನ್ನು ಕೊಲ್ಲುತ್ತವೆಂದು ಪ್ರಯೋಗಶಾಲೆಯಲ್ಲಿ ಸಾಬೀತಾಗಿದೆ ಎಂಬ ಲೇಖನವನ್ನು ಮೊಮ್ಮಗಳು ಮೊಬೈಲಿಗೆ ಕಳಿಸಿದಳು. ಡೆಂಟಿಸ್ಟರಿಗೆ ತೋರಿಸಿದರೆ ‘ಏನೂ ಆಗಲ್ಲ ಸಾರ್’ ಎಂದು ನಕ್ಕರು. ಎಲ್ಲವನ್ನೂ ತೆಗೆಸಿ ಪಿಂಗಾಣಿಯಂಥ ಜಿರ್ಕೋನಿಯಾ ಹಾಕಿಸಿಬಿಡಲೇ?
— ಓರ್ವ ಓದುಗ, ತ್ಯಾಗರಾಜನಗರ, ಬೆಂಗಳೂರು

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರದಲ್ಲಿ ಎಲ್ಲ ಇದೆ, ಒಂದು ಮಾತ್ರ ಇಲ್ಲ. ಫಿಲ್ಲಿಂಗ್ ಎಷ್ಟು ಎಂದು ಬರೆದಿರಿ, ಬ್ರಿಜ್ ಯಾವ ದವಡೆಗೆ, ಎಡಕ್ಕೋ ಬಲಕ್ಕೋ ಎಂದೂ ಬರೆದಿರಿ. ಆ ಬ್ರಿಜ್ ಯಾವ ಲೋಹದ್ದು ಎಂದು ಬರೆದಿಲ್ಲ. ಇದು ನಿಮ್ಮ ಮರೆವಲ್ಲ, ನಿಮಗೆ ಯಾರೂ ಹೇಳಿಯೇ ಇರುವುದಿಲ್ಲ. ಬಿಲ್ ಹುಡುಕಿ ನೋಡಿ, ‘ಮೆಟಲ್ ಬ್ರಿಜ್, 3 ಯೂನಿಟ್’ ಎಂದಿದ್ದೀತು. ಮೆಟಲ್ ಅನ್ನುವುದು ಹೆಸರೇ? ತರಕಾರಿ ಅಂಗಡಿಯವನು ಚೀಟಿಯಲ್ಲಿ ‘ತರಕಾರಿ, 3’ ಎಂದು ಬರೆದು ದುಡ್ಡು ಕೇಳಿದರೆ ಕೊಡುತ್ತೀರಾ?

ಮೊಮ್ಮಗಳಿಗೆ ಚಿಕ್ಕಪೇಟೆಯಲ್ಲಿ ಎರಡು ಗ್ರಾಂ ಓಲೆ ಕೊಂಡರೂ 916 ಒತ್ತಿದೆಯಾ, ಆರಕ್ಷರದ ಎಚ್‌ಯುಐಡಿ ಇದೆಯಾ ಎಂದು ಭೂತಗನ್ನಡಿ ಕೇಳಿ ಪಡೆದು ನೋಡುವ ಜನ ನಾವು. ಕಿವಿಯಲ್ಲಿ ತೂಗುವ ಲೋಹಕ್ಕೆ ಇಷ್ಟು ತನಿಖೆ. ದಿನಕ್ಕೆ ಮೂರು ಹೊತ್ತು ಹುಳಿ, ಖಾರ, ಬಿಸಿಯಲ್ಲಿ ಅದ್ದಿ ತೆಗೆಯುವ ಲೋಹಕ್ಕೆ ಒಂದು ಪ್ರಶ್ನೆಯೂ ಇಲ್ಲ.

ನಿಮ್ಮ ಡಾಕ್ಟರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಚೆನ್ನಾಗಿ ಮಾಡಿದ ಬ್ರಿಜ್ ಕೋಟಿಗಟ್ಟಲೆ ಬಾಯಿಗಳಲ್ಲಿ ದಶಕಗಳ ಕಾಲ ತೆಪ್ಪಗೆ ಕೂತಿದೆ. ಅಷ್ಟು ಅವರಿಗೆ ಸಲ್ಲಲಿ. ಆದರೆ ನಗುವುದು ಉತ್ತರವಲ್ಲ.

ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕಾಯಿಸಬಾರದು ಎಂಬುದು ನಮ್ಮ ಅಡುಗೆಮನೆಗಳಿಗೆ ಪುಸ್ತಕವಿಲ್ಲದೆ ಗೊತ್ತಿದ್ದ ರಸಾಯನಶಾಸ್ತ್ರ. ಹುಣಸೆಯ ಆಮ್ಲಕ್ಕೆ ತಾಮ್ರ ಬಿಡುತ್ತದೆ, ಸತು ಬಿಡುತ್ತದೆ, ಪಾತ್ರೆ ಕಿಲುಬು ಹಿಡಿಯುತ್ತದೆ, ಉಂಡವರು ವಾಂತಿ ಮಾಡುತ್ತಾರೆ. ಅದಕ್ಕೇ ಕಲಾಯಿ. ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಸವರಿ ಹತ್ತಿಯಲ್ಲಿ ಉಜ್ಜಿದರೆ ಒಳಮೈಗೆ ಬೆಳ್ಳನೆಯ ಪದರ ಕೂರುತ್ತದೆ, ಹುಳಿಗೂ ತಾಮ್ರಕ್ಕೂ ಮುಖಾಮುಖಿ ತಪ್ಪುತ್ತದೆ. ಇಂಥ ಬ್ರಿಜ್ಜುಗಳಿಗೆ ಹೆಚ್ಚಾಗಿ ಬಳಸುವ ನಿಕಲ್-ಕ್ರೋಮಿಯಂ ಮಿಶ್ರಲೋಹವೂ ಮಾಡುವುದು ಇದನ್ನೇ, ಕಲಾಯಿಯವನನ್ನು ಕರೆಯದೆ. ಅದರೊಳಗಿನ ಕ್ರೋಮಿಯಂ ಆಮ್ಲಜನಕದ ಜೊತೆ ಕೂಡಿ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಹೊದಿಕೆ ಹಾಕಿಕೊಳ್ಳುತ್ತದೆ. ಗೀಚಿದರೆ ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ. ಹಲ್ಲಿನ ಬೇರಿನ ಬದಲು ಹಾಕುವ ಟೈಟೇನಿಯಂ ಇಂಪ್ಲಾಂಟ್ ಮೂಳೆಯಲ್ಲಿ ಕೂರುವುದೂ ಇಂಥದೇ ಹೊದಿಕೆಯ ದಯೆಯಿಂದ.

ಈ ಕಲಾಯಿಗೆ ಎರಡು ಷರತ್ತು. ಮೊದಲನೆಯದು, ಕ್ರೋಮಿಯಂ ಸಾಕಷ್ಟಿರಬೇಕು. ಶೇಕಡಾ 20ರ ಆಸುಪಾಸು ಇದ್ದು ಜೊತೆಗೆ ಒಂದಿಷ್ಟು ಮಾಲಿಬ್ಡಿನಂ ಇದ್ದರೆ ಹೊದಿಕೆ ಗಟ್ಟಿ. ಶೇಕಡಾ 12-14ಕ್ಕೆ ಇಳಿದರೆ ಅಲ್ಲಲ್ಲಿ ತೂತು. ಎರಡನೆಯದು, ಆಮ್ಲಜನಕ ಸಿಗುತ್ತಿರಬೇಕು. ನಿಮ್ಮ ವಸಡು ಕೆಂಪಾಗುವ ಅಂಚಿನ ವಿಷಯ ಇರುವುದು ಇಲ್ಲಿಯೇ. ಬ್ರಿಜ್ಜಿನ ಕ್ಯಾಪಿನ ಅಂಚು ಹಲ್ಲಿಗೆ ಸರಿಯಾಗಿ ಕೂಡದೆ ಚೂರು ಚಾಚಿಕೊಂಡಿದ್ದರೆ ಅದರಡಿ ಸಂದು ಉಳಿಯುತ್ತದೆ. ಆ ಸಂದಿನಲ್ಲಿ ನಿಂತ ಎಂಜಲಿಗೆ ಹೊಸ ಆಮ್ಲಜನಕ ಬರುವುದಿಲ್ಲ, ಉಪ್ಪಿನ ಕ್ಲೋರೈಡು ಒಳಗೆ ಸೇರಿಕೊಳ್ಳುತ್ತದೆ, ಪಿಎಚ್ ಇಳಿದು ಆಮ್ಲ ಏರುತ್ತದೆ, ಹರಿದ ಹೊದಿಕೆ ಮತ್ತೆ ಕೂಡುವುದಿಲ್ಲ. ಹೊರಮೈ ಫಳಫಳ ಹೊಳೆಯುತ್ತಿದ್ದರೂ ಸಂದಿನಲ್ಲಿ ಲೋಹ ಸದ್ದಿಲ್ಲದೆ ಕರಗುತ್ತಿರುತ್ತದೆ. ಜೊತೆಗೆ ಎದುರು ದವಡೆಯಲ್ಲಿ ಸಿಲ್ವರ್ ಫಿಲ್ಲಿಂಗ್ ಇದ್ದು ಎರಡೂ ತಗಲುತ್ತಿದ್ದರೆ, ನಿಂಬೆಹಣ್ಣಿಗೆ ತಾಮ್ರ-ಸತುವಿನ ಪಟ್ಟಿ ಚುಚ್ಚಿ ನೀವು ಮಕ್ಕಳಿಗೆ ತೋರಿಸುತ್ತಿದ್ದ ಸೆಲ್ಲೇ ನಿಮ್ಮ ಬಾಯಲ್ಲೂ ಇದೆ.

ಇನ್ನು ಮೊಮ್ಮಗಳು ಕಳಿಸಿದ ಲೇಖನ. ‘ಜೀವಕೋಶ ಸತ್ತವು’ ಎಂದು ಬರೆಯುವವರು ಅವು ಸತ್ತದ್ದು ಹೇಗೆ ಎಂದು ಬರೆಯುವುದಿಲ್ಲ. ಪರೀಕ್ಷೆ ನಡೆಯುವ ರೀತಿ ಇದು. ಮಿಶ್ರಲೋಹದ ಒಂದು ಬಿಲ್ಲೆಯನ್ನು ಪಾಲಿಶ್ ಮಾಡಿ, ಕ್ರಿಮಿಶುದ್ಧಗೊಳಿಸಿ, ಕೋಶ ಬೆಳೆಸುವ ದ್ರವದಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಮಾನ್ಯವಾಗಿ 24 ಗಂಟೆ ನೆನೆಹಾಕುತ್ತಾರೆ. ಅರ್ಧ ಮಿಲಿಮೀಟರಿಗಿಂತ ದಪ್ಪದ ಬಿಲ್ಲೆಯಾದರೆ ಮೇಲ್ಮೈಯ ಪ್ರತಿ 3 ಚದರ ಸೆಂಟಿಮೀಟರಿಗೆ 1 ಮಿಲಿಲೀಟರ್ ದ್ರವ. ಆ ಕಷಾಯವನ್ನು ಕೋಶಗಳ ಮೇಲೆ ಹಾಕಿ ಒಂದು ದಿನ ಬಿಟ್ಟು ಎಂಟಿಟಿ ಎಂಬ ಹಳದಿ ಪುಡಿಯ ದ್ರಾವಣ ಸೇರಿಸುತ್ತಾರೆ. ಬದುಕಿರುವ ಕೋಶದ ಕಿಣ್ವಗಳು ಅದನ್ನು ನೇರಳೆ ಹರಳಾಗಿ ತಿರುಗಿಸುತ್ತವೆ. ಹರಳು ಕರಗಿಸಿ 570 ನ್ಯಾನೋಮೀಟರ್ ಬೆಳಕಿನಲ್ಲಿ ಬಣ್ಣ ಅಳೆದಾಗ, ಏನೂ ಹಾಕದ ಕೋಶಗಳಿಗೆ ಹೋಲಿಸಿ ಶೇಕಡಾ 70ಕ್ಕಿಂತ ಕಡಿಮೆ ಬಂದರೆ ‘ಕೋಶಗಳಿಗೆ ವಿಷಕಾರಿ’ ಎಂಬ ಷರಾ.

ಪರೀಕ್ಷೆ ಒಳ್ಳೆಯದೇ, ತಪ್ಪುವ ದಾರಿಗಳು ಬೇಕಾದಷ್ಟಿವೆ. ಬಹಳ ಕಡೆ ಬಳಸುವ ಎಲ್929 ಕೋಶ ಇಲಿಯದು, ಅದೂ 1940ರ ದಶಕದಿಂದ ಪ್ರಯೋಗಶಾಲೆಯಲ್ಲೇ ಪೀಳಿಗೆ ಬೆಳೆಸುತ್ತ ಬಂದದ್ದು. ನಿಮ್ಮ ವಸಡಿನಿಂದ ಈಗ ತೆಗೆದ ಕೋಶ ಅದರಂತೆಯೇ ವರ್ತಿಸಬೇಕೆಂದಿಲ್ಲ. ಹೊಸದಾಗಿ ಪಾಲಿಶ್ ಮಾಡಿದ ಬಿಲ್ಲೆ ಮೊದಲ ಕೆಲವು ದಿನ ಹೆಚ್ಚು ಅಯಾನು ಬಿಟ್ಟು ಆಮೇಲೆ ಕಡಿಮೆ ಮಾಡುತ್ತದೆ. ಕೆಲವರು ಬಿಲ್ಲೆಯ ಗೋಜಿಗೇ ಹೋಗದೆ ನಿಕಲ್ ಕ್ಲೋರೈಡನ್ನು ನೇರವಾಗಿ ಧಾರಾಳ ಪ್ರಮಾಣದಲ್ಲಿ (ಮಿಲಿಮೋಲಾರ್ ಲೆಕ್ಕದಲ್ಲಿ) ಸುರಿಯುತ್ತಾರೆ, ಬಾಯಲ್ಲಿ ಸಿಗುವುದು ಅದಕ್ಕಿಂತ ಎಷ್ಟೋ ಪಾಲು ಕಡಿಮೆ. ಕೋಶ ಬೆಳೆಸುವ ಪ್ರಯೋಗಶಾಲೆಯ ತಟ್ಟೆಯಲ್ಲಿ ದ್ರವ ನಿಂತಿರುತ್ತದೆ. ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಎಂಜಲು ಹರಿದು ಲೋಹವನ್ನು ತೊಳೆದುಕೊಂಡು ಹೋಗುತ್ತದೆ.

ಇದನ್ನೆಲ್ಲ ಕೇಳಿ ನಿಮ್ಮ ಡಾಕ್ಟರು ‘ನಾನು ಹೇಳಲಿಲ್ಲವೇ?’ ಅನ್ನಬಹುದು. ತಡೆಯಲಿ, ತಟ್ಟೆ ಇನ್ನೊಂದು ಕಡೆಗೂ ತಪ್ಪುತ್ತದೆ. ಕೋಶ ಬೆಳೆಸುವ ದ್ರವದ ಪಿಎಚ್ ಸುಮಾರು 7.4. ಸಿಹಿ ತಿಂದಮೇಲೆ ಹಲ್ಲಿನ ಪಾಚಿಯೊಳಗೆ ಅದು 5ರ ಹತ್ತಿರಕ್ಕೋ ಕೆಳಕ್ಕೋ ಬೀಳುತ್ತದೆ. ದ್ರವಕ್ಕೆ ಹಾಕಿದ ಸೀರಂ ಪ್ರೋಟೀನು ಲೋಹದ ಅಯಾನುಗಳನ್ನು ಹಿಡಿದಿಟ್ಟುಕೊಂಡು ವಿಷವನ್ನು ಮರೆಮಾಚುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎಂಟಿಟಿ ಕೇಳುವುದು ‘ಇದ್ದೀಯಾ, ಸತ್ತೆಯಾ?’ ಎಂಬ ಒಂದೇ ಒರಟು ಪ್ರಶ್ನೆ. ಕಡಿಮೆ ಪ್ರಮಾಣದಲ್ಲಿ ಲೋಹ ಕೋಶವನ್ನು ಕೊಲ್ಲುವುದಿಲ್ಲ, ಕೆಣಕುತ್ತದೆ. ಪಾದರಸ ಕೋಶದ ಗಂಧಕದ ಕೊಂಡಿಗಳಿಗೆ ಅಂಟಿಕೊಂಡು ಗ್ಲುಟಾಥಯೋನ್ ಎಂಬ ಕಾವಲುಗಾರನನ್ನು ಬರಿದು ಮಾಡುತ್ತದೆ. ಕೋಬಾಲ್ಟ್ ಅಯಾನು ‘ಇಲ್ಲಿ ಆಮ್ಲಜನಕ ಇಲ್ಲ’ ಎಂಬ ಸುಳ್ಳು ಸುದ್ದಿ ಹುಟ್ಟಿಸುತ್ತದೆ. ಪ್ರಯೋಗಶಾಲೆಗಳಲ್ಲಿ ಆಮ್ಲಜನಕದ ಬರ ನಟಿಸಲು ಕೋಬಾಲ್ಟ್ ಕ್ಲೋರೈಡನ್ನೇ ಬಳಸುತ್ತಾರೆ. ಇಂಪ್ಲಾಂಟಿನಿಂದ ಕಿತ್ತ ಟೈಟೇನಿಯಂ ಪುಡಿಯನ್ನು ನುಂಗಿದ ಬಿಳಿ ರಕ್ತಕೋಶ ಉರಿಯೂತದ ಸಂಕೇತಗಳನ್ನು ಬಿಡುತ್ತದೆ, ಅದನ್ನು ಕೇಳಿಸಿಕೊಂಡು ಮೂಳೆ ಕರಗಿಸುವ ಕೋಶಗಳು ಎದ್ದು ಕೂರುತ್ತವೆ. ಇಲ್ಲೆಲ್ಲ ಸಾವಿಲ್ಲ, ಆದರೆ ನೆಮ್ಮದಿಯೂ ಇಲ್ಲ.

ನಿಕಲ್ಲಿನ ಕತೆಯಂತೂ ಪಾಠಪುಸ್ತಕಕ್ಕೆ ಹಾಕುವಂಥದ್ದು. ನಿಕಲ್ ಅಲರ್ಜಿ ಮನುಷ್ಯರಲ್ಲಿ ಇಷ್ಟು ಸಾಮಾನ್ಯವಾಗಿದ್ದರೂ ಪ್ರಯೋಗದ ಇಲಿಗಳಿಗೆ ಅದನ್ನು ಬರಿಸುವುದೇ ಕಷ್ಟವಾಗಿತ್ತು. 2010ರಲ್ಲಿ ಜರ್ಮನಿಯ ಸಂಶೋಧಕರು ಕಾರಣ ಹಿಡಿದರು. ನಮ್ಮ ಕೋಶಗಳ ಮೇಲಿರುವ ಟಿಎಲ್‌ಆರ್4 ಎಂಬ ಗ್ರಾಹಕ ಇರುವುದು ಬ್ಯಾಕ್ಟೀರಿಯಾ ಬಂದರೆ ಕೂಗಿ ಹೇಳಲು. ಮನುಷ್ಯರ ಟಿಎಲ್‌ಆರ್4ರಲ್ಲಿ ನಿಕಲ್ ಹಿಡಿಯುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲಗಳಿವೆ, ಇಲಿಯದರಲ್ಲಿ ಅದೇ ಜಾಗದಲ್ಲಿ ಅವಿಲ್ಲ. ಹಾಗಾಗಿ ನಿಕಲ್ ಬಂದು ಕೂತರೆ ನಮ್ಮ ಕೋಶ ಶತ್ರು ಬಂದನೆಂದು ಕೂಗುತ್ತದೆ, ಇಲಿಯ ಕೋಶ ಸುಮ್ಮನಿರುತ್ತದೆ. ಇಲಿಯ ಕೋಶದಲ್ಲಿ ಪಾಸಾದ ಲೋಹ ಎಂದು ಯಾರಾದರೂ ಕಾಗದ ತೋರಿಸಿದರೆ ಇದನ್ನು ನೆನೆಯಿರಿ.

(ಇನ್ನೊಂದು ಕೌತುಕ: ಕಿವಿ ಚುಚ್ಚಿಸುವ ಮೊದಲೇ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಹುಡುಗಿಯರಲ್ಲಿ ನಿಕಲ್ ಅಲರ್ಜಿ ಕಡಿಮೆ ಎಂದು ಯುರೋಪಿನ ಅಧ್ಯಯನಗಳು ಕಂಡಿವೆ. ಬಾಯಿಯ ಮೂಲಕ ಮೊದಲು ಪರಿಚಯವಾದದ್ದನ್ನು ದೇಹ ಸಹಿಸಲು ಕಲಿಯುತ್ತದಂತೆ. ನಮ್ಮಲ್ಲಿ ಹಲ್ಲು ಬರುವ ಮೊದಲೇ ಕಿವಿ ಚುಚ್ಚಿಸುತ್ತೇವೆ. ಚಿನ್ನದ ತಂತಿಯಾದರೆ ಚಿಂತೆಯಿಲ್ಲ, ಆಮೇಲೆ ಹಾಕುವ ಅಗ್ಗದ ಓಲೆ ನೋಡಿಕೊಳ್ಳಿ.)

ತಟ್ಟೆಗೂ ಬಾಯಿಗೂ ಇರುವ ದೂರ ಕಾಣಬೇಕಾದರೆ ಸಿಲ್ವರ್ ಡಯಮೀನ್ ಫ್ಲೋರೈಡ್ ನೋಡಿ. ಶೇಕಡಾ 38ರ ಈ ದ್ರಾವಣದಲ್ಲಿ ನಾಲ್ಕನೇ ಒಂದು ಪಾಲಿನಷ್ಟು ಬೆಳ್ಳಿಯೇ. ತಟ್ಟೆಯ ಕೋಶಗಳಿಗೆ ಒಂದು ಹನಿ ಬಿದ್ದರೆ ಉಳಿಯುವುದು ಕಷ್ಟ. ಮಕ್ಕಳ ಹುಳುಕು ಹಲ್ಲಿಗೆ ಅದೇ ಹನಿಯನ್ನು ವಸಡಿಗೆ ತಾಗದಂತೆ ಪುಟ್ಟ ಬ್ರಷ್ಷಿನಲ್ಲಿ ಸವರಿದರೆ ಹುಳುಕು ಕಪ್ಪಾಗಿ ನಿಂತುಬಿಡುತ್ತದೆ, ಡ್ರಿಲ್ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಪರೀಕ್ಷೆಯಲ್ಲಿ ಫೇಲಾದದ್ದೆಲ್ಲ ಬಾಯಿಗೆ ಕೆಟ್ಟದ್ದಲ್ಲ. ಎಲ್ಲಿ ತಾಗುತ್ತದೆ, ಎಷ್ಟು ಹೊತ್ತು ತಾಗುತ್ತದೆ ಎಂಬುದರ ಮೇಲಿದೆ.

ನಿಮ್ಮ ಸಿಲ್ವರ್ ಫಿಲ್ಲಿಂಗಿಗೆ ಬರೋಣ. ಹೆಸರು ಬೆಳ್ಳಿಯದು, ತೂಕದ ಸುಮಾರು ಅರ್ಧ ಪಾದರಸದ್ದು. ಉಳಿದದ್ದು ಬೆಳ್ಳಿ, ತವರ, ತಾಮ್ರ, ಕೆಲವದರಲ್ಲಿ ಸತು. ಹಳೆಯ ಕಾಲದ ಮಿಶ್ರಣದಲ್ಲಿ ತವರ-ಪಾದರಸದ ಒಂದು ಅಂಶ ಬಲಹೀನವಾಗಿದ್ದು ಬೇಗ ಕರಗುತ್ತಿತ್ತು. 1960ರ ದಶಕದಿಂದ ತಾಮ್ರ ಹೆಚ್ಚಿಸಿ ಅದನ್ನು ನಿವಾರಿಸಿದರು. ಇದರ ಮೇಲಿನ ಜಗಳ ಹೊಸದಲ್ಲ. 1845ರಲ್ಲಿ ಅಮೆರಿಕದ ದಂತವೈದ್ಯರ ಸಂಘ ಅಮಾಲ್ಗಂ, ಅಂದರೆ ಈ ಪಾದರಸದ ಮಿಶ್ರಣ, ಮುಟ್ಟುವುದಿಲ್ಲವೆಂದು ಸದಸ್ಯರಿಂದ ಪ್ರತಿಜ್ಞೆ ಮಾಡಿಸಿತು, ಆ ಜಗಳದಲ್ಲೇ ಸೊರಗಿ 1856ರಲ್ಲಿ ಮುಚ್ಚಿಕೊಂಡಿತು. 1926ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಆಲ್‌ಫ್ರೆಡ್ ಸ್ಟಾಕ್, ಪ್ರಯೋಗಶಾಲೆಯ ಪಾದರಸದ ಆವಿಯಿಂದ ತನ್ನ ನೆನಪೇ ಕೈಕೊಟ್ಟದ್ದನ್ನು ಬರೆದು, ಹಲ್ಲಿನ ಅಮಾಲ್ಗಂ ಕಡೆಗೂ ಬೆರಳು ತೋರಿಸಿದ.

ಪಾದರಸಕ್ಕೆ ಮೂರು ವೇಷ ಎಂಬುದನ್ನು ಮೊಮ್ಮಗಳಿಗೆ ನೀವೇ ಹೇಳಿಕೊಡಿ. ಜಪಾನಿನ ಮಿನಮಾಟಾದಲ್ಲಿ ಜನ ಸತ್ತದ್ದು ಮೀನಿನಲ್ಲಿ ಸೇರಿದ್ದ ಮೀಥೈಲ್ ಪಾದರಸದಿಂದ. ಫಿಲ್ಲಿಂಗಿನಿಂದ ಬರುವುದು ಲೋಹರೂಪದ ಆವಿ, ಉಸಿರಿನಲ್ಲಿ ಹೋದರೆ ಸುಮಾರು ಶೇಕಡಾ 80 ಒಳಗೇ ಉಳಿಯುತ್ತದೆ. ಫಿಲ್ಲಿಂಗಿನ ಚೂರು ನುಂಗಿದರೆ ಹೀರಿಕೊಳ್ಳುವುದು ತೀರಾ ಅತ್ಯಲ್ಪ. ಮೂರನೆಯದು ಅದರ ಲವಣಗಳು, ಅವು ಮೂತ್ರಪಿಂಡಕ್ಕೆ ಕೆಟ್ಟವು. ಕೂತ ಫಿಲ್ಲಿಂಗಿನಿಂದ ಆವಿ ಬರುತ್ತದೆ, ಅಗಿದಾಗ, ಹಲ್ಲು ಕಡಿದಾಗ, ಬಿಸಿ ಕಾಫಿ ಕುಡಿದಾಗ ಒಂದಿಷ್ಟು ಹೆಚ್ಚು ಬರುತ್ತದೆ. ಅದರಿಂದ ಹಾನಿಯೇ ಎಂದು ಕೇಳಿದ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ 2006ರ ಏಪ್ರಿಲ್‌ನಲ್ಲಿ ಬಂತು. ಲಿಸ್ಬನ್ನಿನ 507 ಮಕ್ಕಳನ್ನು ಏಳು ವರ್ಷ, ಅಮೆರಿಕದ ನ್ಯೂ ಇಂಗ್ಲೆಂಡಿನ 534 ಮಕ್ಕಳನ್ನು ಐದು ವರ್ಷ ನೋಡಿದರು. ಅಮಾಲ್ಗಂ ಹಾಕಿಸಿಕೊಂಡವರ ಮೂತ್ರದಲ್ಲಿ ಪಾದರಸ ಹೆಚ್ಚಿತ್ತು. ಬುದ್ಧಿ, ನೆನಪು, ನರಗಳ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಹಾಗಿದ್ದರೆ ಯುರೋಪಿನ ಒಕ್ಕೂಟ 2025ರ ಜನವರಿ 1ರಿಂದ ಅದನ್ನು ಬಹುಮಟ್ಟಿಗೆ ನಿಲ್ಲಿಸಿದ್ದೇಕೆ? ಬಾಯಿಗಿಂತ ಹೆಚ್ಚಾಗಿ ಚರಂಡಿಗಾಗಿ. ಪಾದರಸದ ಬಳಕೆ ತಗ್ಗಿಸಲೆಂದು ಇರುವ, ಭಾರತವೂ 2018ರಲ್ಲಿ ಒಪ್ಪಿ ಸೇರಿದ ಮಿನಮಾಟಾ ಒಪ್ಪಂದ 2022ರಲ್ಲಿ 15 ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಅಮಾಲ್ಗಂ ಬೇಡವೆಂದೂ, ಬಾಟಲಿಯ ಬಿಡಿ ಪಾದರಸ ಬಳಸಬಾರದೆಂದೂ ಸೇರಿಸಿತು. ಡೆಂಟಿಸ್ಟರ ಕುರ್ಚಿಯ ಪಕ್ಕದ ಉಗುಳು ಬೋಗುಣಿಗೆ ಪಾದರಸ ಹಿಡಿಯುವ ಸೆಪರೇಟರ್ ಇಲ್ಲದಿದ್ದರೆ ಕೊರೆದ ಪುಡಿ ನೇರ ಚರಂಡಿಗೆ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟಿತೆನ್ನುವ ವೃಷಭಾವತಿಯ ಇವತ್ತಿನ ಗತಿಯನ್ನು ನಿಮ್ಮ ಬಡಾವಣೆಯವರಿಗೆ ಬೇರೆ ಹೇಳಬೇಕಿಲ್ಲ. ಕೆಸರಿನ ಬ್ಯಾಕ್ಟೀರಿಯಾಗಳೇ ಲೋಹದ ಪಾದರಸವನ್ನು ಮಿನಮಾಟಾದ ವೇಷಕ್ಕೆ ತಿರುಗಿಸುತ್ತವೆ.

ಆದ್ದರಿಂದ ಗಟ್ಟಿಯಾಗಿ ಕೂತಿರುವ ನಾಲ್ಕನ್ನೂ ಒಂದೇ ಸಲ ತೆಗೆಸುವ ಯೋಚನೆ ಬಿಡಿ, ಮೇಷ್ಟ್ರೇ. ವಿಜ್ಞಾನ ಕಲಿಸಿದವರು ಹೀಗೆ ಬರೆಯಬಾರದಿತ್ತು. ಸುಮ್ಮನೆ ಕೂತಿರುವಾಗ ಬರುವುದಕ್ಕಿಂತ ಹೆಚ್ಚು ಆವಿಯನ್ನು ಡ್ರಿಲ್ಲು ಆ ಕೆಲವು ನಿಮಿಷದಲ್ಲಿ ಎಬ್ಬಿಸುತ್ತದೆ. ಜೊತೆಗೆ ಪ್ರತಿ ಸಲ ಒಳ್ಳೆಯ ಹಲ್ಲೂ ಒಂದಿಷ್ಟು ಹೋಗುತ್ತದೆ. ಒಡೆದದ್ದು, ಅಂಚಿನಲ್ಲಿ ಹುಳುಕು ಬಂದದ್ದು, ಅಥವಾ ಫಿಲ್ಲಿಂಗಿಗೆ ತಾಗಿದ ಕೆನ್ನೆಯ ಜಾಗದಲ್ಲೇ ಬಿಳಿ ಜಾಲರಿಯಂಥ ಗೆರೆ ಮೂಡಿದ್ದು ಇದ್ದರೆ ಮಾತ್ರ ತೆಗೆಸಿ. ಆಗ ರಬ್ಬರ್ ಡ್ಯಾಂ (ಆ ಹಲ್ಲನ್ನಷ್ಟೇ ಹೊರಗೆ ಬಿಟ್ಟು ಬಾಯಿ ಮುಚ್ಚುವ ರಬ್ಬರ್ ಹಾಳೆ) ಕಟ್ಟಿ, ನೀರು ಧಾರಾಳ ಬಿಟ್ಟು, ಜೋರು ಸಕ್ಷನ್ ಹಿಡಿದು, ಪುಡಿ ಮಾಡದೆ ತುಂಡುತುಂಡಾಗಿ ಎಬ್ಬಿಸಬೇಕು. ‘ಡಿಟಾಕ್ಸ್’ ಮಾತ್ರೆ ಕೊಟ್ಟು ಆಮೇಲೆ ಮೂತ್ರ ಪರೀಕ್ಷೆ ಮಾಡಿಸಿ ಹೆದರಿಸುವವರ ಬಾಗಿಲಿಗೆ ಹೋಗಬೇಡಿ. ಆ ಔಷಧಿಯೇ ಮೈಯೊಳಗಿನ ಲೋಹವನ್ನು ಮೂತ್ರಕ್ಕೆ ದೂಡುತ್ತದೆ, ಯಾರ ಅಂಕಿಯಾದರೂ ಏರುತ್ತದೆ.

ನನ್ನ ಸಿಟ್ಟು ಇರುವುದು ಬ್ರಿಜ್ಜಿನ ಮೇಲೆ. ನಿಕಲ್-ಕ್ರೋಮಿಯಂ ಅಗ್ಗ, ಗಟ್ಟಿ, ಅದಕ್ಕೇ ಎಲ್ಲೆಡೆ ಇದೆ. ಎರಕ ಸುಲಭವಾಗಿ ಹರಿಯಲಿ ಎಂದು ಕೆಲವು ಮಿಶ್ರಲೋಹಗಳಿಗೆ ಶೇಕಡಾ 2ರವರೆಗೆ ಬೆರಿಲಿಯಂ ಸೇರಿಸುತ್ತಿದ್ದರು. ಅದು ನಿಕಲ್ ಜೊತೆ ಸೇರಿ ಮಾಡುವ ಅಂಶ ಎಲ್ಲಕ್ಕಿಂತ ಮೊದಲು ಕರಗುತ್ತದೆ. ಹಲ್ಲಿನ ಲೋಹಗಳಿಗಿರುವ ಈಗಿನ ಅಂತರರಾಷ್ಟ್ರೀಯ ಐಎಸ್‌ಒ 22674 ಮಾನಕದಲ್ಲಿ ಬೆರಿಲಿಯಂ ಶೇಕಡಾ 0.02 ದಾಟುವಂತಿಲ್ಲ, ನಿಕಲ್ ಶೇಕಡಾ 0.1 ದಾಟಿದರೆ ಹೇಳಬೇಕು, ಲ್ಯಾಕ್ಟಿಕ್ ಆಮ್ಲ ಮತ್ತು ಉಪ್ಪಿನ ಪಿಎಚ್ 2.3ರ ದ್ರಾವಣದಲ್ಲಿ ಏಳು ದಿನ ಮುಳುಗಿಸಿದರೆ ಚದರ ಸೆಂಟಿಮೀಟರಿಗೆ 200 ಮೈಕ್ರೋಗ್ರಾಂಗಿಂತ ಹೆಚ್ಚು ಲೋಹ ಬಿಡಬಾರದು. ಮಾನಕ ಚೆನ್ನಾಗಿದೆ. ಆದರೆ ಅದು ಅಳೆಯುವುದು ಡಬ್ಬಿಯಿಂದ ಹೊರಬಂದ ಹೊಸ ಲೋಹವನ್ನು. ಲ್ಯಾಬಿನಲ್ಲಿ ಎರಕ ಹೊಯ್ದು ಉಳಿದ ಲೋಹದ ಗಟ್ಟಿಯನ್ನು ಹೊಸದರ ಜೊತೆ ಮತ್ತೆ ಕರಗಿಸಿ, ಅದರಲ್ಲಿ ಉಳಿದದ್ದನ್ನು ಮಗದೊಮ್ಮೆ ಕರಗಿಸಿದರೆ ಮಿಶ್ರಣದ ಪ್ರಮಾಣ ಬದಲಾಗುತ್ತದೆ, ಅಯಾನು ಹೆಚ್ಚು ಬಿಡುತ್ತದೆ. ಡಬ್ಬಿಯ ಮೇಲಿನ ಲೇಬಲ್ ಸತ್ಯವಾದರೂ ಬಾಯೊಳಗಿನ ಲೋಹ ಬೇರೆಯೇ.

ಈ ಲೋಹವನ್ನು ಅತಿ ಹೆಚ್ಚು ಒಳಗೆ ತೆಗೆದುಕೊಳ್ಳುವವರು ನೀವೂ ಅಲ್ಲ, ಡಾಕ್ಟರೂ ಅಲ್ಲ. ಲ್ಯಾಬಿನಲ್ಲಿ ಕ್ಯಾಪ್ ಉಜ್ಜುವ ಟೆಕ್ನಿಷಿಯನ್. ಉಜ್ಜುವ ಕಲ್ಲಿನ ಮುಂದೆ ಧೂಳೆಳೆಯುವ ಸಕ್ಷನ್ ಇಲ್ಲದೆ ಕೂತರೆ ಕೋಬಾಲ್ಟ್, ಕ್ರೋಮಿಯಂ, ಸಿಲಿಕಾ ಎಲ್ಲ ಶ್ವಾಸಕೋಶಕ್ಕೆ. ಹಲ್ಲಿನ ಟೆಕ್ನಿಷಿಯನ್‌ಗಳ ಧೂಳಿನ ಕಾಯಿಲೆ ವೈದ್ಯಕೀಯಕ್ಕೆ ಹೊಸದೇನಲ್ಲ. ಬೆರಿಲಿಯಂ ಧೂಳಿನ ಕಾಯಿಲೆ ವರ್ಷಗಳ ನಂತರವೂ ತಲೆಯೆತ್ತುತ್ತದೆ. ಯುರೋಪು 2021ರ ಅಕ್ಟೋಬರಿನಿಂದ ಕೋಬಾಲ್ಟ್ ಲೋಹವನ್ನು ಕ್ಯಾನ್ಸರ್ ತರಬಲ್ಲ ವಸ್ತುಗಳ 1ಬಿ ವರ್ಗಕ್ಕೆ ಸೇರಿಸಿತು. ಕ್ಯಾಪಿನ ಬೆಲೆ ಇಳಿಸು ಎಂದು ನಾವು ಚೌಕಾಸಿ ಮಾಡುವಾಗ ಮೊದಲು ಹೋಗುವುದು ಆ ಹುಡುಗನ ಸಕ್ಷನ್ನು ಮತ್ತು ಮಾಸ್ಕು.

ಹೋಗಲಿ, ನಿಮ್ಮ ಎಡದವಡೆ. ಮೊದಲು ವಸಡು ಕೆಂಪಾಗಲು ಲೋಹವೇ ಕಾರಣ ಎಂದುಕೊಳ್ಳಬೇಡಿ, ಹೆಚ್ಚಿನ ಸಲ ಅದು ಪಾಚಿ. ಬ್ರಿಜ್ಜಿನ ನಡುವಿನ ಹಲ್ಲಿನಡಿ ಸೂಪರ್‌ಫ್ಲಾಸ್ ಎಂಬ ನೂಲು ಅಥವಾ ಪುಟ್ಟ ಬಾಟಲಿಬ್ರಷ್ಷಿನಂಥ ಇಂಟರ್‌ಡೆಂಟಲ್ ಬ್ರಷ್ ಹಾಕಿ ದಿನಾ ರಾತ್ರಿ ಮೂರು ವಾರ ತೆಗೆಯಿರಿ. ಅಂಚು ಚಾಚಿದೆಯೇ ಎಂದು ಡಾಕ್ಟರು ಮೊನೆಯ ಸಲಾಕೆಯಲ್ಲಿ ಗೀರಿ ನೋಡಲಿ, ಒಂದು ಬೈಟ್‌ವಿಂಗ್ ಎಕ್ಸ್‌ರೇ ತೆಗೆಯಲಿ. ಕೆಂಪು ಹೋದರೆ ಲೋಹ ನಿರಪರಾಧಿ. ಹೋಗದಿದ್ದರೆ, ಅಥವಾ ವಾಚಿನ ಪಟ್ಟಿ, ಬೆಲ್ಟಿನ ಬಕಲ್ ತಾಗಿದಲ್ಲಿ ನಿಮಗೆ ಮೊದಲಿಂದ ತುರಿಕೆ ಇದ್ದರೆ, ಚರ್ಮದ ಡಾಕ್ಟರಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿ. ಪೆಟ್ರೋಲಿಯಂ ಜೆಲ್ಲಿಯಲ್ಲಿ ಕಲೆಸಿದ ಶೇಕಡಾ 5ರ ನಿಕಲ್ ಸಲ್ಫೇಟನ್ನು ಬೆನ್ನಿಗೆ 48 ಗಂಟೆ ಅಂಟಿಸಿ, ತೆಗೆದಾಗ ಒಮ್ಮೆ, 72 ಅಥವಾ 96 ಗಂಟೆಗೆ ಇನ್ನೊಮ್ಮೆ ಓದುತ್ತಾರೆ. ಲೋಹಗಳು ತಡವಾಗಿ ತಿರುಗಿಬೀಳುವುದರಿಂದ ಏಳನೇ ದಿನವೂ ನೋಡಿದರೆ ಒಳ್ಳೆಯದು. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ಫಲಿತಾಂಶ ಸುಳ್ಳಾಗಬಹುದು. ರಕ್ತ ಪರೀಕ್ಷೆಯಿಂದ ಇದು ತಿಳಿಯುತ್ತದೆ ಎಂದವರಿಗೆ ದುಡ್ಡು ಕೊಡಬೇಡಿ. ನಿಕಲ್ಲಿಗೆ ಪಾಸಿಟಿವ್ ಬಂದರೆ ಪಲ್ಲಾಡಿಯಂ ಎಂಬ ಇನ್ನೊಂದು ಲೋಹ ಕೂಡ ಅನೇಕರಿಗೆ ಒಗ್ಗುವುದಿಲ್ಲ, ಹಾಗಾಗಿ ಜಿರ್ಕೋನಿಯಾ ಮಾತು ಆಗ ಆಡೋಣ, ಈಗಲ್ಲ.

ಮುಂದೆ ಇಂಪ್ಲಾಂಟ್ ಹಾಕಿಸುವ ಯೋಚನೆಯಿದ್ದರೆ ಒಂದು ಮಾತು. ಟೈಟೇನಿಯಂ ಹೊದಿಕೆಗೆ ಆಮ್ಲೀಯ ಫ್ಲೋರೈಡ್ ಆಗುವುದಿಲ್ಲ. ಕ್ಲಿನಿಕ್ಕಿನಲ್ಲಿ ಹಚ್ಚುವ ಶೇಕಡಾ 1.23ರ ಎಪಿಎಫ್ ಜೆಲ್ ಬೇಡ, ತಟಸ್ಥ ಸೋಡಿಯಂ ಫ್ಲೋರೈಡ್ ಕೇಳಿ. ಸಾಮಾನ್ಯ ಪೇಸ್ಟಿಗೆ ಹೆದರಬೇಕಾಗಿಲ್ಲ. ಕ್ಲೀನಿಂಗ್ ಮಾಡುವಾಗ ಉಕ್ಕಿನ ತುದಿಯ ಸ್ಕೇಲರ್ ಇಂಪ್ಲಾಂಟಿಗೆ ತಾಗಿಸದೆ ಪ್ಲಾಸ್ಟಿಕ್ಕಿನದೋ ಕಾರ್ಬನ್ನಿನದೋ ಬಳಸಲಿ.

ಇಷ್ಟೆಲ್ಲ ಮಾಡುವ ಮೊದಲು ನಾಳೆಯೇ ಕ್ಲಿನಿಕ್ಕಿಗೆ ಹೋಗಿ ಲ್ಯಾಬ್ ಸ್ಲಿಪ್ ಕೇಳಿ. ಮಿಶ್ರಲೋಹದ ಹೆಸರು, ತಯಾರಕರು, ಬ್ಯಾಚ್ ನಂಬರು, ನಿಕಲ್ ಎಷ್ಟು, ಬೆರಿಲಿಯಂ ಇದೆಯೇ, ಹೊಸ ಲೋಹವೋ ಕರಗಿಸಿ ಬೆರೆಸಿದ್ದೋ. ಡಬ್ಬಿಯ ಮೇಲೆ ಇವುಗಳಲ್ಲಿ ಬಹುಪಾಲು ಅಚ್ಚಾಗಿಯೇ ಇರುತ್ತದೆ, ರೋಗಿಯ ಕೈಗೆ ಬರುವುದಿಲ್ಲ ಅಷ್ಟೆ. ಇಂಪ್ಲಾಂಟಿನ ಡಬ್ಬಿಯಲ್ಲಂತೂ ಕಿತ್ತು ಅಂಟಿಸಲೆಂದೇ ಸ್ಟಿಕ್ಕರ್ ಇರುತ್ತದೆ, ಅದು ಡಾಕ್ಟರ ಫೈಲಿಗೆ ಹೋದರೆ ನಿಮಗೂ ಒಂದು ಕೇಳಿ. ‘ಒಳ್ಳೆ ಕ್ವಾಲಿಟಿ ಮೆಟಲ್ಲೇ ಸಾರ್’ ಎಂದು ಬಾಯಲ್ಲಿ ಹೇಳಿದರೆ, ಅದನ್ನೇ ಬರೆದು ಸಹಿ ಹಾಕಿಕೊಡಿ ಎನ್ನಿ.

ಚೀಟಿ ಸಿಕ್ಕರೆ ನಮಗೂ ಕಳಿಸಿ, ಓದಿ ಅರ್ಥ ಬರೆಯುತ್ತೇವೆ. ಒರಿಜಿನಲ್ ನಿಮ್ಮಲ್ಲೇ ಇರಲಿ, ಜೆರಾಕ್ಸ್ ಸಾಕು.

— ಸಂ.